ರಂಗೋಲಿ ಚುಕ್ಕಿಯಿಂದ ಎವರೆಸ್ಟಿನವರೆಗೆ

ಸೋದರಿಯರೇ, ಈ ಸಲ ಒಂದು ಪುಸ್ತಕದ ಮಾತಾಡೋಣ. ಚರಿತ್ರೆಯ ಪುಸ್ತಕ ಎಂದಕೂಡಲೇ "ಅಯ್ಯೋ, ಇಸವಿ ಉರುಹೊಡೆದದ್ದು ಸಾಕಪ್ಪ" ಎಂದು ಪುಟ ಮಗುಚಬೇಡಿ. ಜಾನ್ ಕೇ ಎಂಬವರು ಬರೆದು 2000ದಲ್ಲಿ ಪ್ರಕಟವಾದ 'ದಿ ಗ್ರೇಟ್ ಆರ್ಕ್', ನಮ್ಮ ದೇಶವನ್ನು ನಕ್ಷೆಗಾಗಿ ಅಳೆದ ಕಥೆ. ಇಂಗ್ಲಿಷಿನಲ್ಲಿದೆ, ನಿಜ. ಆದರೆ ನನ್ನ ಹೈಸ್ಕೂಲು ಇಂಗ್ಲಿಷಿನಲ್ಲೇ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ದಿನಕ್ಕೆ ನಾಲ್ಕು ಪುಟದಂತೆ ಮುಗಿಸಿದೆನಲ್ಲ, ನಿಮಗೇನು ಕಷ್ಟ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದರು. ಗೆದ್ದ ನಾಡನ್ನು ಕರಾರುವಾಕ್ಕಾಗಿ ಅಳೆಯಬೇಕೆಂದು ಅವರ ಹಠ. 1802ರ ಏಪ್ರಿಲಿನಲ್ಲಿ ಮದರಾಸಿನ ಬಳಿ ಕೆಲಸ ಶುರುವಾಯಿತು. ನೂರಡಿಯ ಉಕ್ಕಿನ ಸರಪಳಿಯನ್ನು ಸುಮಾರು 400 ಸಲ ಹಾಸಿ, ಏಳೂವರೆ ಮೈಲಿಯ ಒಂದೇ ಒಂದು ಗೆರೆ ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುತ್ತದಲ್ಲ, ಅದಕ್ಕೇ ಸರಪಳಿಗೂ ಡೇರೆಯ ನೆರಳು!

ಮುಂದಿನದು ನಮಗೆ ಸುಲಭವಾಗಿ ತಿಳಿಯುವ ವಿದ್ಯೆ. ರಂಗೋಲಿಗೆ ಎರಡು ಚುಕ್ಕಿ ಇಟ್ಟಿರೆನ್ನಿ. ನಡುವಿನ ಗೆರೆಯ ಉದ್ದ ಗೊತ್ತಿದೆ. ಆ ಎರಡೂ ಕಡೆ ನಿಂತು ದೂರದ ಮೂರನೆಯ ಚುಕ್ಕಿಯ ಕಡೆಗೆ ಕೋನ ಅಳೆದರೆ ಸಾಕು, ಉಳಿದೆರಡು ಗೆರೆಗಳ ಉದ್ದ ಲೆಕ್ಕದಲ್ಲೇ ಸಿಗುತ್ತದೆ. ಆ ಗೆರೆಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೇ ಬೆಟ್ಟದಿಂದ ಬೆಟ್ಟಕ್ಕೆ. ಆದರೆ ಮೊದಲ ಗೆರೆ ತಪ್ಪಿದರೆ ರಂಗೋಲಿಯೆಲ್ಲ ಸೊಟ್ಟ. ಅದಕ್ಕೆಂದೇ 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆ ಅಳೆದು ತಾಳೆ ನೋಡಿದರು. ಸುಮಾರು ಏಳು ಮೈಲಿಗೆ ವ್ಯತ್ಯಾಸ ನಾಲ್ಕೇ ಅಂಗುಲ!

ಕೋನ ಅಳೆಯುವ ಥಿಯೋಡಲೈಟ್ ಯಂತ್ರವೋ, ಅರ್ಧ ಟನ್ ಭಾರ. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ಕಡಿದು ಜಜ್ಜಿಹೋಯಿತು. ಲ್ಯಾಂಬ್ಟನ್ ತಾವೇ ಕೂತು ರಿಪೇರಿ ಮಾಡಿದರು. 1823ರಲ್ಲಿ ಹಿಂಗನ್‌ಘಾಟಿನಲ್ಲಿ, ಕೆಲಸದ ನಡುವೆಯೇ ತೀರಿಕೊಂಡರು. ಆಮೇಲೆ ಜಾರ್ಜ್ ಎವರೆಸ್ಟ್ 1841ರ ಹೊತ್ತಿಗೆ ತ್ರಿಕೋನದ ಸಾಲನ್ನು ಹಿಮಾಲಯದ ಬುಡಕ್ಕೆ ಮುಟ್ಟಿಸಿದರು. ಕನ್ಯಾಕುಮಾರಿಯಿಂದ ಅಲ್ಲಿಗೆ ಸುಮಾರು 1,600 ಮೈಲಿ.

ಎವರೆಸ್ಟರ ನಂತರ ಬಂದ ಆಂಡ್ರೂ ವಾ 1856ರಲ್ಲಿ ಒಂದು ಸುದ್ದಿ ಸಾರಿದರು. ಹಿಮಾಲಯದ 15ನೆಯ ನಂಬರಿನ ಶಿಖರ 29,002 ಅಡಿ, ಲೋಕದಲ್ಲೇ ಎತ್ತರದ್ದು! 2020ರಲ್ಲಿ ಉಪಗ್ರಹದ ನೆರವಿನಿಂದ ನೇಪಾಳ, ಚೀನಾ ಪ್ರಕಟಿಸಿದ ಎತ್ತರಕ್ಕೂ ಇದಕ್ಕೂ ಬರೀ 30 ಅಡಿ ಅಂತರ. ಟಿಬೆಟಿನವರಿಗೆ ಅದು ಚೊಮೊಲುಂಗ್ಮಾ. ವಾ ಅವರು ಇಟ್ಟದ್ದು ತಮ್ಮ ಹಿಂದಿನ ಅಧಿಕಾರಿಯ ಹೆಸರು. ಈ ನಾಡಿನವರ ಬಾಯಲ್ಲಿ ಅದು ಹೊರಳದೆಂದು ಎವರೆಸ್ಟರೇ ಆಕ್ಷೇಪಿಸಿದರೂ ಅದೇ ನಿಂತಿತು.

ಲೆಕ್ಕ ಹಾಕುವವರ ಮುಖ್ಯಸ್ಥರಾಗಿದ್ದ ಕಲ್ಕತ್ತೆಯ ರಾಧಾನಾಥ ಸಿಕ್ದಾರರ ಹೆಸರು ಎಷ್ಟು ಜನಕ್ಕೆ ಗೊತ್ತು? ಸರಪಳಿ ಎಳೆದ, ಯಂತ್ರ ಹೊತ್ತ, ಕಾಡಿನ ಜ್ವರಕ್ಕೆ ಬಲಿಯಾದ ಆಳುಕಾಳುಗಳ ಹೆಸರಂತೂ ನಕ್ಷೆಯ ಯಾವ ಮೂಲೆಯಲ್ಲೂ ಇಲ್ಲ. ಊಟ ಚೆನ್ನಾಗಿತ್ತೆಂದು ಕೈ ತೊಳೆದವರು, ಹಿಟ್ಟು ರುಬ್ಬಿದವರು ಯಾರೆಂದು ಕೇಳುವುದುಂಟೆ? ಈ ನೋವು ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು!

ಊರಿನ ಲೈಬ್ರರಿಯಲ್ಲಿ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಿ, ಸಂಕೋಚವೇಕೆ? ಮಕ್ಕಳು ಅಟ್ಲಾಸ್ ಬಿಡಿಸಿದಾಗ ಶಿಖರದ ಹೆಸರಿನ ಜೊತೆಗೆ, ಹೆಸರಿಲ್ಲದೆ ಹೋದವರ ಕಥೆಯನ್ನೂ ಹೇಳಿಕೊಡಿ.