ಬಾಡಿಗೆಯ ಮನೆ, ಸೋರುವ ನಲ್ಲಿ

ಉದ್ಯೋಗವನ್ನರಸಿ ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗನಿಗೆ ಮನೆಗಳು ಎರಡು: ಒಂದು ಊರಿನದು, ಇನ್ನೊಂದು ಬಾಡಿಗೆಯದು. ಊರಿನ ಮನೆಯ ನಾಲ್ಕು ಹೆಂಚು ಒಡೆದವೆಂಬ ಸುದ್ದಿ ಬಂದೊಡನೆ ಹಣ ಕಳುಹಿಸುವ ಗೃಹಸ್ಥನು, ತಾನು ಹತ್ತಾರು ವರ್ಷಗಳಿಂದ ಉಂಡು ಮಲಗುತ್ತಿರುವ ಬಾಡಿಗೆ ಮನೆಯ ಬಚ್ಚಲಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿದ್ದರೆ, ಕೆಳಗೊಂದು ಬಕೀಟು ಇಟ್ಟು ಸುಮ್ಮನಾಗುತ್ತಾನೆ. ಮನೆ ತನ್ನದಲ್ಲ, ಮಾಲೀಕನು ನೋಡಿಕೊಳ್ಳಲಿ ಎಂಬುದು ಅವನ ಸಮಾಧಾನ. ವಾಸವಾಗಿರುವವನು ನೋಡಿಕೊಳ್ಳಲಿ ಎಂಬುದು ಮಾಲೀಕನ ಸಮಾಧಾನ. ಈ ಎರಡು ಸಮಾಧಾನಗಳ ನಡುವೆ ನೀರು ಸೋರುತ್ತಲೇ ಇರುತ್ತದೆ. ಮನೆ ಪರರದಾದರೂ ಅದರಲ್ಲಿ ವಾಸಿಸುವ ದೇಹ ಪರರದಲ್ಲವೆಂಬ ಸರಳ ಸತ್ಯ ಮಾತ್ರ ಇಬ್ಬರಿಗೂ ಮರೆತುಹೋಗುತ್ತದೆ.

ಮೊದಲು ಲೆಕ್ಕವನ್ನೇ ನೋಡಬಹುದು. ನಲ್ಲಿಯಿಂದ ಬೀಳುವ ಸುಮಾರು 4,000 ಹನಿಗಳಿಗೆ ಒಂದು ಲೀಟರು ನೀರೆಂದು ಹಿಡಿದರೆ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 86,400 ಹನಿ, ಅಂದರೆ 21 ಲೀಟರಿಗೂ ಹೆಚ್ಚು. ವರ್ಷಕ್ಕೆ ಇದು ಸುಮಾರು 7,900 ಲೀಟರು. ಒಳಚರಂಡಿಯುಳ್ಳ ನಗರಗಳಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರು ನೀರು ಬೇಕೆಂಬುದು ಸರಕಾರದ ಯೋಜನೆಗಳ ಅಳತೆ. ಹಾಗಾದರೆ ಒಂದು ಸೋರುವ ನಲ್ಲಿಯು ಒಬ್ಬ ಮನುಷ್ಯನ ಸುಮಾರು ಎರಡು ತಿಂಗಳ ನೀರನ್ನು ಕುಡಿದುಬಿಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ನಗರದಲ್ಲಿ ಇದು ಅಲ್ಪ ನಷ್ಟವಲ್ಲ.

ಆದರೆ ಹಣದ ನಷ್ಟಕ್ಕಿಂತ ಆರೋಗ್ಯದ ನಷ್ಟವೇ ಮಿಗಿಲಾದುದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ನಿಂತ ತಿಳಿನೀರನ್ನೇ ಹುಡುಕಿಕೊಂಡು ಬರುತ್ತದೆ. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು. ಪಾತ್ರೆಯ ಒಳಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವಾದ್ದರಿಂದ, ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಸದಾ ಒದ್ದೆಯಾದ ಗೋಡೆಯಲ್ಲಿ ಬೂಷ್ಟು ಬೆಳೆದು ಉಬ್ಬಸವುಳ್ಳವರನ್ನು ಕಾಡುತ್ತದೆ. ಪಾಚಿಗಟ್ಟಿದ ನೆಲದ ಮೇಲೆ, ಊರಿನಿಂದ ಮಗನ ಮನೆಗೆಂದು ಬಂದ ವೃದ್ಧ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಆಕೆ ಮತ್ತೆ ಮೊದಲಿನಂತೆ ನಡೆದಾಡುವಳೆಂಬ ಭರವಸೆಯಿಲ್ಲ. ಅಂದು ಆಸ್ಪತ್ರೆಯ ಬಿಲ್ಲನ್ನು ಮಾಲೀಕನು ತೆರುವುದಿಲ್ಲ.

ಇಷ್ಟಕ್ಕೆಲ್ಲ ಕಾರಣ ಬಹುಪಾಲು ಒಂದು ರಬ್ಬರಿನ ವಾಷರು. ತಿರುಗಿಸಿ ಮುಚ್ಚುವ ಹಳೆಯ ಮಾದರಿಯ ನಲ್ಲಿಯಲ್ಲಿ ಈ ವಾಷರು ನೀರಿನ ದಾರಿಯನ್ನು ಒತ್ತಿ ಮುಚ್ಚುತ್ತದೆ. ಅದು ಸವೆದಾಗ ನಲ್ಲಿ ತೊಟ್ಟಿಕ್ಕುತ್ತದೆ. ಆಗ ಬಲವಾಗಿ ತಿರುಗಿಸುವುದರಿಂದ ವಾಷರು ಇನ್ನಷ್ಟು ಬೇಗ ಹಾಳಾಗುವುದೇ ಹೊರತು ಪ್ರಯೋಜನವಿಲ್ಲ. ನೀರಿನ ಮುಖ್ಯ ಕವಾಟವನ್ನು ಮುಚ್ಚಿ, ನಲ್ಲಿಯ ತಲೆಯನ್ನು ಬಿಚ್ಚಿ, ಹೊಸ ವಾಷರು ಕೂರಿಸಿದರೆ ಕೆಲಸ ಮುಗಿಯಿತು. ಆಮೇಲೂ ಸೋರಿದರೆ ವಾಷರು ಕೂರುವ ಜಾಗವೇ ಸವೆದಿದೆಯೆಂದು ತಿಳಿದು ನಲ್ಲಿಯನ್ನೇ ಬದಲಿಸುವುದು ಲೇಸು. ಅರ್ಧ ಸುತ್ತಿಗೂ ಮೊದಲೇ ಮುಚ್ಚಿಕೊಳ್ಳುವ ಈಗಿನ ನಲ್ಲಿಗಳಲ್ಲಿ ವಾಷರಿನ ಬದಲು ಒಳಗಿನ ಸಿರಾಮಿಕ್ ಕಾರ್ಟ್ರಿಜ್ ಬದಲಿಸಬೇಕಾಗುತ್ತದೆ.

ಬಾತ್‌ಟಬ್ಬಿನ ಸಂಗತಿ ಸ್ವಲ್ಪ ಬೇರೆ. ತಂಬಿಗೆಯಿಂದ ಮೊಗೆದು ಸ್ನಾನ ಮಾಡಿ ಬೆಳೆದ ಕುಟುಂಬಕ್ಕೆ ಅದು ನೀರು ಕೂಡಿಡುವ ತೊಟ್ಟಿಯಾಗಿ ಪರಿಣಮಿಸುವುದು ಸಹಜ. ಸೊಳ್ಳೆಗೂ ಅದೇ ಅನುಕೂಲ. ಕೂಡಿಡುವುದು ಅನಿವಾರ್ಯವಾದರೆ ಮುಚ್ಚಳವುಳ್ಳ ಡ್ರಮ್ಮಿನಲ್ಲಿ ಕೂಡಿಡಬೇಕು. ಟಬ್ಬಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಬಿರುಕು ಕಂಡರೆ ಸಿಲಿಕೋನ್ ತುಂಬಿಸಿದರೆ ಸಾಕಾಗಬಹುದು. ಆದರೆ ಟಬ್ಬನ್ನೇ ಕೀಳುವಾಗ ನೆಲದ ಜಲನಿರೋಧಕ ಪದರವು ಒಡೆದು, ನೀರು ಕೆಳಮನೆಯ ಛಾವಣಿಗೆ ಇಳಿಯುವ ಭಯವಿದೆ. ಆದ್ದರಿಂದ ಮಾಲೀಕನ ಲಿಖಿತ ಒಪ್ಪಿಗೆ ಪಡೆಯದೆ, ಸೊಸೈಟಿಗೆ ತಿಳಿಸದೆ ಆ ಕೆಲಸಕ್ಕೆ ಕೈಹಾಕುವುದು ಸಲ್ಲದು.

ಇನ್ನು ಖರ್ಚು ಯಾರದೆಂಬ ಪ್ರಶ್ನೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 14ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮನೆಯನ್ನು ವಾಸಯೋಗ್ಯ ಸ್ಥಿತಿಯಲ್ಲಿಡುವ ಹೊಣೆ ಮಾಲೀಕನದು. ಕನಿಷ್ಠ 15 ದಿನಗಳ ನೋಟೀಸು ಕೊಟ್ಟು, ಯುಕ್ತ ಕಾಲದವರೆಗೆ ಕಾದರೂ ಅವನು ಉಪೇಕ್ಷಿಸಿದರೆ, ಬಾಡಿಗೆದಾರನು ತಾನೇ ರಿಪೇರಿ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಪಾಲನ್ನು ಅದು ಮೀರಕೂಡದು. 2021ರಲ್ಲಿ ಕೇಂದ್ರ ಸರಕಾರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯಾದರೋ ಹೊಣೆಯನ್ನು ಹಂಚುತ್ತದೆ: ಕೊಳವೆಗಳನ್ನು ಬದಲಿಸುವುದು ಮಾಲೀಕನಿಗೆ, ವಾಷರು, ನಲ್ಲಿ ಮತ್ತು ಬಾತ್‌ಟಬ್ಬಿನ ರಿಪೇರಿ ಬಾಡಿಗೆದಾರನಿಗೆ. ಇದು ಕೇವಲ ಮಾದರಿ. ಆಯಾ ರಾಜ್ಯವು ಶಾಸನ ಮಾಡಿದಲ್ಲಿ ಮಾತ್ರ ಅದಕ್ಕೆ ಬಲ. ಆದರೂ ಈ ಹಂಚಿಕೆ ನ್ಯಾಯಸಮ್ಮತವಾಗಿದೆ. ದಿನವೂ ಕೈಯಿಂದ ಸವೆಯುವುದು ಕೈಯವನ ಪಾಲಿಗೆ, ಗೋಡೆಯೊಳಗೆ ಅಡಗಿರುವುದು ಗೋಡೆಯವನ ಪಾಲಿಗೆ.

ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ ವಾಸಿಸುವವರಿಗಂತೂ ಕರಾರಿನ ಮಾತೇ ಮುಖ್ಯ. ಠೇವಣಿಯ ಮೊತ್ತವನ್ನು ಎರಡೆರಡು ಬಾರಿ ಓದುವವರು ರಿಪೇರಿಯ ಷರತ್ತನ್ನು ಓದದೆಯೇ ಸಹಿ ಹಾಕುತ್ತಾರೆ. ಮನೆ ಹಿಡಿಯುವ ದಿನವೇ ನಲ್ಲಿ, ಗೀಜರು, ಟಬ್ಬುಗಳ ಸ್ಥಿತಿಯನ್ನು ಪಟ್ಟಿ ಮಾಡಿ, ಭಾವಚಿತ್ರ ತೆಗೆದು, ಇಬ್ಬರೂ ಸಹಿ ಮಾಡಿದರೆ ಬಿಡುವ ದಿನ ಜಗಳವಿರದು. ಈ ಮಾತು ಬಾಡಿಗೆದಾರರಿಗೆ ಮಾತ್ರವಲ್ಲ. ದುಡಿದು ಎರಡನೆಯ ಫ್ಲಾಟು ಕೊಂಡು, ಇಂದು ತಾವೇ ಮಾಲೀಕರಾಗಿರುವ ಕನ್ನಡಿಗರಿಗೂ ಅನ್ವಯಿಸುತ್ತದೆ. ತಾವು ಬಾಡಿಗೆದಾರರಾಗಿದ್ದಾಗ ಬಯಸಿದ ನ್ಯಾಯವನ್ನು ಅವರು ಈಗ ಕೊಡಬೇಕು.

ನಿವೃತ್ತಿಯ ನಂತರ ಊರಿಗೆ ಮರಳುವ ಕನಸು ಸುಂದರವಾದುದೇ. ಆದರೆ ಮಕ್ಕಳು ಬೆಳೆಯುವುದು, ಹಿರಿಯರು ಮುಪ್ಪಾಗುವುದು ಈ ಬಾಡಿಗೆಯ ಗೋಡೆಗಳ ನಡುವೆಯೇ. ಹಕ್ಕಿನ ವಾದ ಮುಂದುವರಿಯಲಿ, ಪತ್ರವ್ಯವಹಾರವೂ ನಡೆಯಲಿ. ವಾಷರನ್ನು ಮಾತ್ರ ಈ ವಾರವೇ ಬದಲಿಸುವುದು ಒಳ್ಳೆಯದು.