ಪ್ಲಗ್ ಥ್ರೆಡ್ ಹೋದರೆ ಹೆಡ್ಡೇ ಹೋಯಿತೇ?

ಅಂಗಡಿ ಸಾಮಾನು ಹೊರುವ ಹಳೇ ಓಮ್ನಿಯನ್ನು ಪ್ಲಗ್ ಕ್ಲೀನಿಂಗಿಗೆಂದು ಗ್ಯಾರೇಜಿಗೆ ಬಿಟ್ಟ ಮಾಲೀಕರಿಗೆ ಕೆಲವೊಮ್ಮೆ ಸಿಡಿಲಿನಂಥ ಮಾತು ಕೇಳಿಬರುತ್ತದೆ: "ಸಾರ್, ಥ್ರೆಡ್ ಹೋಗಿದೆ. ಹೆಡ್ಡೇ ಬದಲಾಯಿಸ್ಬೇಕು."

ಸ್ವಾಮೀ, ಸ್ವಲ್ಪ ತಡೆಯಿರಿ!

ಹಳೇ ಅಂಬಾಸಿಡರಿನ ಹೆಡ್ಡು ಬೀಡು ಕಬ್ಬಿಣದ್ದು. ಒರಟು ಕೈಯನ್ನೂ ತಡೆದುಕೊಳ್ಳುತ್ತಿತ್ತು. 1983ರಲ್ಲಿ ಬಂದ ಮಾರುತಿ 800, ಅದರ ಬೆನ್ನಿಗೇ ಬಂದ ಓಮ್ನಿ ವ್ಯಾನು, ಇವೆರಡರ ಹೆಡ್ಡೂ ಅಲ್ಯೂಮಿನಿಯಂ. ಉಕ್ಕಿನ ಪ್ಲಗ್ಗನ್ನು ಓರೆಯಾಗಿಟ್ಟು ಸ್ಪ್ಯಾನರ್ ತಿರುಗಿಸಿದರೆ ಮೆತ್ತನೆ ಲೋಹ ಕಿತ್ತು ಬರದೆ ಏನಾದೀತು? ಬಿಸಿ ಇಂಜಿನ್ನಿನಲ್ಲೇ ಪ್ಲಗ್ ಬಿಚ್ಚುವ ಅವಸರವೂ ಅಷ್ಟೇ ಕೆಟ್ಟದ್ದು.

ಹೋದ ಥ್ರೆಡ್ಡಿಗೆ ಮದ್ದಿದೆ. ತೂತನ್ನು ತುಸು ದೊಡ್ಡದು ಮಾಡಿ, ಹೊಸ ಥ್ರೆಡ್ ಹಾಕಿ, ಉಕ್ಕಿನ ತಂತಿ ಸುರುಳಿಯನ್ನೋ ಬುಷ್ಷನ್ನೋ ಕೂರಿಸುತ್ತಾರೆ. ಮೊದಲಿನ ಅಳತೆಯ ಪ್ಲಗ್ಗೇ ಅದರಲ್ಲಿ ಕೂರುತ್ತದೆ. ಆದರೆ ಲೋಹದ ಚೂರು ಒಳಗೆ ಬಿದ್ದರೆ ಸಿಲಿಂಡರಿಗೆ ಗೀರು ಬಿದ್ದಂತೆ. ಟ್ಯಾಪಿಗೆ ಗ್ರೀಸ್ ಮೆತ್ತಿ ಚೂರು ಹಿಡಿಯಬೇಕು. ಹೆಡ್ ಇಳಿಸಿ ಮಾಡಿದರೆ ಇನ್ನೂ ಕ್ಷೇಮ. ಅಂಟು ಹಚ್ಚಿ ಕಳಿಸುವುದು ರಿಪೇರಿಯಲ್ಲ, ಮೋಸ. ಒತ್ತಡಕ್ಕೆ ಪ್ಲಗ್ ಹಾರಿ ನಡುದಾರಿಯಲ್ಲಿ ಗಾಡಿ ನಿಂತೀತು.

ಹೆಡ್ ಬಿರುಕು ಬಿಟ್ಟಿದ್ದರೆ ಬದಲಾಯಿಸಲಿ, ಬೇಡವೆನ್ನುವವರಾರು? ಬರೀ ಥ್ರೆಡ್ಡಿಗೆ ಹೊಸ ಹೆಡ್ಡೆಂದರೆ ಮೂಗಿಗಿಂತ ಮೂಗುತಿ ಭಾರ. ಕೆಡಿಸಿದ್ದು ಯಾರ ಕೈ ಎಂಬುದೂ ಬಿಲ್ಲಿಗೆ ಮುಂಚೆ ಇತ್ಯರ್ಥವಾಗಲಿ.

ಪ್ಲಗ್ಗನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸುವ ಹುಡುಗನಿಗೆ ಎರಡು ನಿಮಿಷ ಹೆಚ್ಚು ಬೇಕು. "ಬೇಗ ಮಾಡೋ" ಎಂದು ಹಾರ್ನ್ ಹೊಡೆಯುವ ಗಿರಾಕಿಯೂ ಅಷ್ಟು ಹೊತ್ತು ತಾಳಲಿ.