ಕಸಿ ವಾರ್ಡಿನ ಪಕ್ಕ ಗೋಡೆ ಒಡೆಯುವವರೇ, ಕೇಳಿ

ಒಳಗೆ ರೋಗಿಗಳು ಮಲಗಿರುವಾಗಲೇ ಆಸ್ಪತ್ರೆಯ ಗೋಡೆ ಒಡೆಯುತ್ತೀರಿ, ಹಳೆಯ ಫಾಲ್ಸ್ ಸೀಲಿಂಗ್ ಕಿತ್ತು ಕೆಡವುತ್ತೀರಿ. ಅಡ್ಡಕ್ಕೊಂದು ಪ್ಲಾಸ್ಟಿಕ್ ಹಾಳೆಯಿಲ್ಲ, ನೀರು ಚಿಮುಕಿಸುವವರಿಲ್ಲ. ಕೇಳಿದರೆ, ‘ಎರಡು ದಿನದ ಕೆಲಸ, ಸ್ವಲ್ಪ ಧೂಳು ಅಷ್ಟೇ’ ಎನ್ನುತ್ತೀರಿ.

ಆ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣಗಳಿವೆ. ಒಂದೊಂದೂ 2-3 ಮೈಕ್ರಾನ್ ಗಾತ್ರ. ಮೂಗು, ಗಂಟಲು ದಾಟಿ ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಾವೂ ನೀವೂ ದಿನವೂ ಅವನ್ನು ಉಸಿರಾಡುತ್ತೇವೆ, ದೇಹ ಕೊಂದುಹಾಕುತ್ತದೆ. ಆದರೆ ಕಿಡ್ನಿಯನ್ನೋ ಲಿವರನ್ನೋ ಕಸಿ ಮಾಡಿಸಿಕೊಂಡವರು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟಿರಾಯ್ಡ್ ನುಂಗುತ್ತಿರುತ್ತಾರೆ. ಹೊಸ ಅಂಗವನ್ನು ದೇಹ ತಳ್ಳಿಹಾಕದಿರಲೆಂದು ಕಾವಲನ್ನೇ ಮಲಗಿಸುವ ಔಷಧಿಗಳವು. ಅಂಥವರ ಶ್ವಾಸಕೋಶದಲ್ಲಿ ಈ ಬೂಷ್ಟು ಬೇರೂರಿ ರಕ್ತನಾಳಗಳನ್ನೇ ಕೊರೆಯುತ್ತದೆ. ಎಷ್ಟೋ ಸಲ ಜ್ವರವೂ ಕಾಣಿಸದು. ಚಿಕಿತ್ಸೆಗೆಂದು ಕೊಡುವ ವೊರಿಕೊನಜೋಲ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ಟ್ಯಾಕ್ರೋಲಿಮಸ್ ಪ್ರಮಾಣ ತಗ್ಗಿಸದಿದ್ದರೆ ಕಿಡ್ನಿಗೇ ಪೆಟ್ಟು. ಉಳಿಸಹೊರಟವರ ಕೈಯನ್ನೂ ಕಟ್ಟಿಹಾಕುವ ರೋಗವಿದು.

ಇದರ ಜೊತೆಗೆ ವೈರಸ್ಸು. ನಮ್ಮಲ್ಲಿ ಬಹುತೇಕರ ಮೈಯಲ್ಲಿ ಸೈಟೊಮೆಗಾಲೊವೈರಸ್ ಸದ್ದಿಲ್ಲದೆ ಇದ್ದೇ ಇದೆ. ಕಸಿಯಾದವರಲ್ಲಿ ಅದು ಎದ್ದು ನ್ಯುಮೋನಿಯಾ ತರಬಲ್ಲದು. ಅಳಿದುಳಿದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸಿ ಬೂಷ್ಟಿನ ಹಾವಳಿ ಹೆಚ್ಚಿಸುತ್ತದೆ. ಅದು ಸಾಲದೆಂಬಂತೆ, ಹೊರಗಿನ ವೈರಸ್ಸನ್ನೂ ಹೊತ್ತು ಮಾಸ್ಕಿಲ್ಲದೆ, ಕೆಮ್ಮುತ್ತಲೇ ‘ನೋಡಿಕೊಂಡು ಹೋಗೋಣ’ ಎಂದು ಒಳನುಗ್ಗುವ ನೆಂಟರನ್ನು ತಡೆಯುವವರೂ ಇಲ್ಲ.

ಕಸಿ ಮಾಡಿದ ಆ ಅಂಗ ಎಲ್ಲಿಂದ ಬಂತು, ಒಮ್ಮೆ ಯೋಚಿಸಿ. 2021ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ಅವರ ಮೆದುಳು ಅಪಘಾತದಿಂದ ನಿಷ್ಕ್ರಿಯವಾದಾಗ, ಮನೆಯವರು ಆ ಸಂಕಟದಲ್ಲೇ ಅಂಗದಾನಕ್ಕೆ ಒಪ್ಪಿದರು. ಹಾಗೆ ಒಪ್ಪಿದ, ನಮಗೆ ಹೆಸರೂ ಗೊತ್ತಿಲ್ಲದ ಮನೆಗಳು ಎಷ್ಟೋ. ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾದವರಿದ್ದಾರೆ. ಅಂಗ ಹೊತ್ತ ಆಂಬುಲೆನ್ಸಿಗಾಗಿ ಪೊಲೀಸರು ಊರಿನ ಟ್ರಾಫಿಕ್ಕನ್ನೇ ತಡೆದು ದಾರಿ ಬಿಡಿಸುತ್ತಾರೆ. ಅಷ್ಟು ಜನರ ತ್ಯಾಗವನ್ನು, ದುಡಿಮೆಯನ್ನು ನೀವು ಕಾಂಟ್ರಾಕ್ಟಿನ ನಾಲ್ಕು ಕಾಸು ಉಳಿಸಲು ಮಣ್ಣುಪಾಲು ಮಾಡುತ್ತೀರಿ.

ಗೊತ್ತಿರಲಿಲ್ಲ ಎನ್ನಬೇಡಿ. ಕೆಲಸಕ್ಕೆ ಮೊದಲು ಅಪಾಯ ಅಳೆಯಿರಿ, ಧೂಳು ಹೊರಬಾರದಂತೆ ಅಡ್ಡ ಕಟ್ಟಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರಲ್ಲೇ ಆಸ್ಪತ್ರೆಗಳಿಗೆ ಬರೆದಿಟ್ಟಿದೆ. ಅಷ್ಟು ಮಾಡಲಾಗದಿದ್ದರೆ ಕೆಲಸ ನಿಲ್ಲಿಸಿ. ಮೊದಲು ರೋಗಿಗಳನ್ನು ಬೇರೆಡೆ ಸಾಗಿಸಿ.

ರೋಗಿಗಳ ಮನೆಯವರೇ, ವಾರ್ಡಿನ ಬಳಿ ಧೂಳೆದ್ದರೆ ಸಂಕೋಚ ಬೇಡ. ನಿಮ್ಮವರಿಗೆ ಎನ್-95 ಮಾಸ್ಕ್ ಹಾಕಿಸಿ, ಕೆಲಸ ನಿಲ್ಲಿಸಿ ಎಂದು ಗಟ್ಟಿಯಾಗಿ ಹೇಳಿ, ಬರಹದಲ್ಲಿ ದೂರು ಕೊಡಿ.